ಓದುಗರ ಪ್ರಶ್ನೆ: ಪೈಲಟ್ ಮೆಡಿಕಲ್‌ಗೆ ಹರಳು, ಶುಗರ್, ಬಿಪಿ ಅಡ್ಡಿಯೇ?

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ಆಗಬೇಕೆಂದು ಹಟ ಹಿಡಿದಿದ್ದಾನೆ. ಕ್ಲಾಸ್ 2 ಮೆಡಿಕಲ್ (ಮೊದಲ ಹಂತದ ವೈದ್ಯಕೀಯ ಪರೀಕ್ಷೆ) ಆಗಿದೆ. ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಕ್ಲಾಸ್ 1ಕ್ಕೆ ಕಳಿಸುವ ಮುಂಚೆ ರಾಯಚೂರಿನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೆ ಬಲಗಡೆ ಕಿಡ್ನಿಯಲ್ಲಿ 4 ಮಿ.ಮೀ. ಹರಳಿದೆ ಎಂದು ಬರೆದುಕೊಟ್ಟರು. ನೋವಂತೂ ಇಲ್ಲ. ಅಲ್ಲಿ ಹೇಳಬೇಕೇ?
— ಸಿಂಧನೂರಿನ ಓದುಗರು

ಉತ್ತರ: ಹೇಳಲೇಬೇಕು. ಮುಚ್ಚಿಟ್ಟರೂ ಉಳಿಯುವುದಿಲ್ಲ, ಮೊದಲ ಬಾರಿಯ ಕ್ಲಾಸ್ 1 ಪರೀಕ್ಷೆಯಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುತ್ತಾರೆ. ಅರ್ಜಿಯಲ್ಲಿ ಸುಳ್ಳು ಬರೆದದ್ದು ಗೊತ್ತಾದರೆ ಹರಳಿಗಿಂತ ಅದೇ ದೊಡ್ಡ ತೊಡಕು.

ಈಗ ನೋವಿಲ್ಲ ಎಂಬುದು ವೈದ್ಯರಿಗೆ ಸಮಾಧಾನ ತರುವುದಿಲ್ಲ. ಕಿಡ್ನಿಯೊಳಗೆ ಸುಮ್ಮನೆ ಕೂತ ಹರಳು ಯಾವಾಗ ಬೇಕಾದರೂ ಮೂತ್ರನಾಳಕ್ಕೆ ಜಾರಬಹುದು. ಜಾರಿದರೆ ಬರುವ ನೋವಿನಲ್ಲಿ ಮನುಷ್ಯ ನೆಟ್ಟಗೆ ಕೂರಲಾರ, ವಾಂತಿ ಬೇರೆ. ಲ್ಯಾಂಡಿಂಗ್ ಹೊತ್ತಿಗೆ ಹೀಗಾದರೆ ಏನು ಗತಿ ಎಂಬುದೇ ಅವರ ಪ್ರಶ್ನೆ.

ಮೊದಲು ಅದು ನಿಜವಾಗಿ ಹರಳೇ ಎಂದು ಖಾತ್ರಿ ಮಾಡಿಕೊಳ್ಳಿ. 5 ಮಿ.ಮೀ.ಗಿಂತ ಚಿಕ್ಕದನ್ನು ಅಲ್ಟ್ರಾಸೌಂಡ್‌ನಲ್ಲಿ ನಂಬುವುದು ಕಷ್ಟ. ರಕ್ತನಾಳದ ಗೋಡೆಯೂ ಹರಳಿನಂತೆ ಬೆಳ್ಳಗೆ ಹೊಳೆಯುತ್ತದೆ, ಇದ್ದ ಹರಳಿನ ಅಳತೆಯೂ ದೊಡ್ಡದಾಗಿಯೇ ಬರುವುದುಂಟು. ಕಾಂಟ್ರಾಸ್ಟ್ ಔಷಧಿ ಚುಚ್ಚದ, ಕಡಿಮೆ ವಿಕಿರಣದ ‘ಸಿಟಿ ಕೆಯುಬಿ’ (ಕಿಡ್ನಿ, ಮೂತ್ರನಾಳ, ಮೂತ್ರಕೋಶದ ಸಿಟಿ ಸ್ಕ್ಯಾನ್) ಮಾಡಿಸಿ. ಅದರಲ್ಲಿ ಏನೂ ಕಾಣದಿದ್ದರೆ ಆ ವರದಿ, ಸಿಡಿ ಎರಡನ್ನೂ ಕಡತದಲ್ಲಿ ಇಟ್ಟುಕೊಂಡು ಹೋಗಿ.

ಹರಳು ಇದ್ದೇ ಇದ್ದರೆ ತಾತ್ಕಾಲಿಕ ಅನ್‌ಫಿಟ್ ಎಂದು ಬರೆಯುವ ಸಾಧ್ಯತೆಯೇ ಹೆಚ್ಚು. ಗಾಬರಿ ಬೇಡ, ‘ತಾತ್ಕಾಲಿಕ’ ಎಂಬ ಪದಕ್ಕೆ ಅಲ್ಲಿ ಬೆಲೆ ಇದೆ. ಮರುಪರೀಕ್ಷೆಗೆ ಹೋಗುವಾಗ ಯುರಾಲಜಿಸ್ಟ್ ಕೊಟ್ಟ ಚಿಕಿತ್ಸೆಯ ವಿವರ, ಹರಳು ಪೂರ್ತಿ ಹೋಗಿದೆ ಎಂದು ತೋರಿಸುವ ಹೊಸ ಸ್ಕ್ಯಾನ್, ಹರಳು ಮತ್ತೆ ಕಟ್ಟದಂತೆ ಕಾರಣ ಹುಡುಕಿದ ಪರೀಕ್ಷೆಗಳು ಜೊತೆಗಿರಲಿ. ರಕ್ತದ ಕ್ಯಾಲ್ಸಿಯಂ, ಯೂರಿಕ್ ಆಸಿಡ್, ಕ್ರಿಯಾಟಿನಿನ್ ಮತ್ತು 24 ಗಂಟೆಯ ಮೂತ್ರ ಪರೀಕ್ಷೆ ಇವುಗಳಲ್ಲಿ ಮುಖ್ಯ. ಹರಳು ಕೈಗೆ ಸಿಕ್ಕರೆ ಎಸೆಯಬೇಡಿ, ಲ್ಯಾಬಿಗೆ ಕೊಟ್ಟು ಯಾವ ಜಾತಿಯದು ಎಂದು ತಿಳಿಯಿರಿ. ಬಾಳೆದಿಂಡಿನ ರಸ ಕುಡಿದು ಕರಗಿಸಿಕೊಂಡೆವು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕೇಳುವುದು ಸ್ಕ್ಯಾನ್ ಮಾತ್ರ.

ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರು ಹೋದಷ್ಟೂ ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟುವುದು ಆಗಲೇ. ಎಷ್ಟು ಲೋಟ ಕುಡಿದ ಎಂದು ಎಣಿಸುವುದಕ್ಕಿಂತ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುತ್ತಿದೆಯೇ ನೋಡಿ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಕಡಿಮೆಯಾಗಲಿ, ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ಹಾಲು, ಮೊಸರು ಮಾತ್ರ ಬಿಡಿಸಬೇಡಿ. ಊಟದ ಕ್ಯಾಲ್ಸಿಯಂ ಹರಳು ಕಟ್ಟಿಸುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಅದನ್ನು ನಿಲ್ಲಿಸಿದರೆ ಹರಳು ಹೆಚ್ಚಲೂಬಹುದು.

ಈ ವಿಷಯ ಇತ್ಯರ್ಥವಾಗುವ ತನಕ ತರಬೇತಿ ಶಾಲೆಗೆ ಫೀ ಕಟ್ಟಬೇಡಿ.

ಪ್ರಶ್ನೆ: ನನಗೆ 41 ವರ್ಷ, ಕಮರ್ಷಿಯಲ್ ಲೈಸೆನ್ಸ್ ಇದೆ. ರಜೆಗೆ ಬಳ್ಳಾರಿಗೆ ಬಂದಾಗ ಶುಗರ್ ಇರುವುದು ಗೊತ್ತಾಯಿತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.4. ಮಾತ್ರೆ ಶುರುವಾಗಿದೆ. ಕೆಲಸ ಹೋಗುತ್ತದೆಯೇ?

ಉತ್ತರ: ಮೊದಲು ಮಾತ್ರೆಯ ಪಟ್ಟಿ ತಿರುಗಿಸಿ ಓದಿ. ಬರೀ ಮೆಟ್‌ಫಾರ್ಮಿನ್ ಇದ್ದರೆ ದಾರಿ ಸುಲಭ. ನಮ್ಮ ಔಷಧಿ ಅಂಗಡಿಗಳಲ್ಲಿ ಹೆಚ್ಚು ಓಡುವುದು ಗ್ಲಿಮೆಪಿರೈಡ್ ಸೇರಿಸಿದ ಜೋಡಿ ಮಾತ್ರೆ. ಗ್ಲಿಮೆಪಿರೈಡ್ ಊಟ ತಪ್ಪಿದರೆ ಶುಗರ್ ಇಳಿಸಿಬಿಡುತ್ತದೆ. ಶುಗರ್ ಇಳಿದವನಿಗೆ ತನ್ನ ಲೆಕ್ಕ ತಪ್ಪುತ್ತಿದೆ ಎಂಬುದೇ ತಿಳಿಯದು. ಹಾರಾಟಕ್ಕೆ ಆಗದ ಮಾತ್ರೆ ಅದು. ನಿಮ್ಮ ವೃತ್ತಿ ಹೇಳಿ ಬದಲಿಸಿಕೊಡಲು ವೈದ್ಯರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ಪಥ್ಯದಿಂದ, ಇಲ್ಲವೇ ಪಥ್ಯ ಮತ್ತು ಹಾರಾಟಕ್ಕೆ ಒಗ್ಗುವ ಮಾತ್ರೆಯಿಂದ ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಗೆ ಫಿಟ್ ಸಿಗಬಹುದು. ಇನ್ಸುಲಿನ್‌ಗೆ ಅದೇ ನಿಯಮ ‘ಅನ್‌ಫಿಟ್’ ಎನ್ನುತ್ತದೆ. ಬ್ರಿಟನ್ 2012ರಿಂದ, ಅಮೆರಿಕ 2019ರಿಂದ ಇನ್ಸುಲಿನ್ ತೆಗೆದುಕೊಳ್ಳುವ ಕಮರ್ಷಿಯಲ್ ಪೈಲಟ್‌ಗಳಿಗೂ ಕಟ್ಟುನಿಟ್ಟಿನ ನಿಗಾದಲ್ಲಿ ಅವಕಾಶ ಕೊಟ್ಟಿವೆ. ಅದನ್ನು ತೋರಿಸಿ ಇಲ್ಲಿ ವಾದಿಸಿ ಪ್ರಯೋಜನವಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಪರಿಸ್ಥಿತಿ ತಿಳಿಸಿ ಅನುಮತಿ ಸಿಗುವ ತನಕ ವಿಮಾನ ಹಾರಿಸಬೇಡಿ. ಮೆಡಿಕಲ್ ಸರ್ಟಿಫಿಕೇಟಿನ ಅವಧಿ ಬಾಕಿ ಇದೆ ಎಂಬ ಸಬೂಬು ನಿಲ್ಲುವುದಿಲ್ಲ. ಹೊಸ ಎಚ್‌ಬಿಎ1ಸಿ, ಮನೆಯ ಗ್ಲುಕೋಮೀಟರ್ ದಾಖಲೆ, ಟ್ರೆಡ್‌ಮಿಲ್ ಟೆಸ್ಟ್, ಕಣ್ಣಿನ ರೆಟಿನಾ ವರದಿ, ಮೂತ್ರದ ಆಲ್ಬ್ಯುಮಿನ್ ಸಿದ್ಧವಿರಲಿ. ಹೃದಯದ ಪರೀಕ್ಷೆ ಯಾಕೆಂದರೆ, ಶುಗರ್ ಇದ್ದವರಿಗೆ ಎದೆನೋವಿಲ್ಲದೆಯೂ ಹೃದಯದ ತೊಂದರೆ ಬೆಳೆದಿರಬಹುದು.

ಪ್ರಶ್ನೆ: ಮೆಡಿಕಲ್‌ನಲ್ಲಿ ಬಿಪಿ 150/94 ಬಂತು. ಗಂಗಾವತಿಯ ನಮ್ಮ ಮನೆಯಲ್ಲಿ ನೋಡಿದರೆ 124/80. ಯಾವುದು ಸರಿ?

ಉತ್ತರ: ಎರಡೂ ಸರಿ ಇರಬಹುದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಇಳಿದು, ಸ್ಟ್ರಾಂಗ್ ಕಾಫಿ ಕುಡಿದು ಬೆಳಿಗ್ಗೆಯೇ ಪರೀಕ್ಷೆಗೆ ಹೋದರೆ ಬಿಪಿ ಏರುವುದೇ ಸೈ. ಹಿಂದಿನ ದಿನವೇ ಹೋಗಿ ಮಲಗಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಂಕೆ ಹೆಚ್ಚು ಬರುತ್ತದೆ, ದೊಡ್ಡ ಪಟ್ಟಿ ಕೇಳಲು ಸಂಕೋಚ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಮಾತಿಲ್ಲದೆ ಕೂತ ಮೇಲೆ ನೋಡಿಸಿ. ವಿವಾದ ಉಳಿದರೆ ತೀರ್ಮಾನ ಮಾಡುವುದು 24 ಗಂಟೆಯ ಬಿಪಿ ದಾಖಲೆ. ಸರಾಸರಿ 130/80ರ ಕೆಳಗಿದ್ದರೆ ನಿಮ್ಮ ಮಾತು ಗೆದ್ದಂತೆ. ಮೇಲಿದ್ದರೆ ಮಾತ್ರೆ ತೆಗೆದುಕೊಂಡೇ ಹಾರುವವರು ಬಹಳ ಜನ ಇದ್ದಾರೆ.

ಪ್ರಶ್ನೆ: ನನ್ನ ಸೋದರಮಾವನಿಗೆ ಕೆಂಪು-ಹಸಿರು ಗೊತ್ತಾಗುವುದಿಲ್ಲ. ನನಗೂ ಇರಬಹುದೇ?
— ಕೊಪ್ಪಳದ ವಿದ್ಯಾರ್ಥಿ

ಉತ್ತರ: ಇರಬಹುದು. ಈ ದೋಷ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಬೇರೆ ಯಾವ ಪರೀಕ್ಷೆಗೂ ದುಡ್ಡು ಹಾಕುವ ಮೊದಲು ಹತ್ತಿರದ ಕಣ್ಣಿನ ವೈದ್ಯರಲ್ಲಿ ಇಶಿಹಾರ ಪುಸ್ತಕ (ಬಣ್ಣದ ಚುಕ್ಕಿಗಳ ನಡುವೆ ಅಂಕೆ ಗುರುತಿಸುವ ಪರೀಕ್ಷೆ) ಓದಿ. ಮೊಬೈಲ್ ಪರದೆಯಲ್ಲಿ ನೋಡಿಕೊಂಡದ್ದು ಲೆಕ್ಕಕ್ಕಿಲ್ಲ, ಪರದೆಯ ಬಣ್ಣ ಒಂದೊಂದರಲ್ಲಿ ಒಂದೊಂದು ಥರ. ಬಣ್ಣದ ಕನ್ನಡಕ, ಲೆನ್ಸ್ ಹಾಕಿಕೊಂಡು ಓದಲು ಬಿಡುವುದಿಲ್ಲ. ಅಂಕೆಗಳನ್ನು ಬಾಯಿಪಾಠ ಮಾಡಿದವರನ್ನು ಹಿಡಿಯಲು ವೈದ್ಯರು ಹಾಳೆಗಳನ್ನು ಹಿಂದುಮುಂದು ಮಾಡಿ ತೋರಿಸುತ್ತಾರೆ.