ಕೊಡಗಿನ ರಾಜರ ಅರಮನೆ ನೋಡಲು ಎರಡು ದಿನ: ಮಡಿಕೇರಿ ಕೋಟೆ ಸಾಕೇ, ನಾಲ್ಕುನಾಡಿಗೂ ಹೋಗಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್‌ನಲ್ಲಿ ಬೆಂಗಳೂರಿಂದ ಸ್ವಂತ ಕಾರಲ್ಲಿ ಬರುತ್ತೀರಿ, ಜೊತೆಗೆ ಅಪ್ಪ, ಅಮ್ಮ, ಹತ್ತು ವರ್ಷದ ಮಗ. ಇರುವುದು ಎರಡೇ ದಿನ. ಅಪ್ಪನಿಗೆ ಮೊಣಕಾಲು ನೋವು, ಆದರೆ ರಾಜರ ಅರಮನೆ ನೋಡಲೇಬೇಕು ಅಂತ ಹಟ. ಮಡಿಕೇರಿ ಕೋಟೆ ನೋಡಿದರೆ ಸಾಕಾ, ಅಥವಾ ಅಷ್ಟು ದೂರದ ನಾಲ್ಕುನಾಡು ಅರಮನೆಗೂ ಹೋಗಬೇಕಾ?

ಹೋಗಬೇಕು. ಒಂದನ್ನೇ ಆರಿಸಬೇಕಾಗಿ ಬಂದರೆ ನಾನಂತೂ ಕೋಟೆ ಬಿಟ್ಟು ನಾಲ್ಕುನಾಡಿಗೇ ಹೋಗಿ ಅನ್ನುತ್ತೇನೆ. ಆದರೆ ನಿಮಗೆ ಎರಡಕ್ಕೂ ಸಮಯ ಇದೆ.

ನನ್ನ ತವರು ಹಾಸನ. ಮದುವೆಯಾಗಿ ನಾಪೋಕ್ಲು ಕಡೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ತವರಿನಿಂದ ಯಾರೇ ಬಂದರೂ ಅರಮನೆ ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಮೊದಲ ಸಲ ಅಣ್ಣನ ಮನೆಯವರನ್ನು ಕರೆದುಕೊಂಡು ಹೋದಾಗ ಆದ ಎಡವಟ್ಟು ಇನ್ನೂ ನೆನಪಿದೆ. ಊಟ ಮುಗಿಸಿ, ಮಾತಾಡಿ, ಮೂರೂವರೆಗೆ ಹೊರಟೆವು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೆಟ್ಟದ ನೆರಳು ಅರಮನೆ ಮೇಲೆ ಬಿದ್ದಾಗಿತ್ತು. ಒಳಗೆ ಏನೂ ಕಾಣಲಿಲ್ಲ. ಅಣ್ಣ ಅಂಗಳದಲ್ಲಿ ನಿಂತು, "ಇದಾ ನಿಮ್ಮ ಅರಮನೆ? ನಿಮ್ಮ ಮಾವನ ಐನ್‌ಮನೆಯೇ ಇದಕ್ಕಿಂತ ಜೋರಾಗಿದೆಯಲ್ಲೇ" ಅಂದ. (ಐನ್‌ಮನೆ ಅಂದರೆ ಕೊಡವ ಕುಟುಂಬದ ಹಿರಿಯರ ಕಾಲದ ಮೂಲಮನೆ.) ಮನೆಗೆ ಬಂದ ಮೇಲೆ ಮಾವನಿಗೆ ಅದನ್ನು ಹೇಳಿದಾಗ ಅವರು ನಕ್ಕು, "ಅಡಗಿಕೊಳ್ಳೋಕೆ ಕಟ್ಟಿದ ಮನೆ ಮಗಾ ಅದು, ದಸರಾ ಮೆರವಣಿಗೆಗೆ ಅಲ್ಲ" ಅಂದರು. ಅಲ್ಲಿಂದೀಚೆಗೆ ಯಾರನ್ನು ಕರೆದೊಯ್ದರೂ ಹೊರಡುವ ಮುಂಚೆಯೇ ಇದನ್ನು ಹೇಳಿಬಿಡುತ್ತೇನೆ. ಮೈಸೂರು ಅರಮನೆಯನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ನಾಲ್ಕುನಾಡು ಒಂದು ದೊಡ್ಡ ಹೆಂಚಿನ ಮನೆ, ಅಷ್ಟೇ.

ಕಥೆ ಗೊತ್ತಿದ್ದರೆ ಮಾತ್ರ ಆ ಜಾಗ ಮಾತಾಡುತ್ತದೆ. ಕೊಡಗನ್ನು ಆಳಿದ್ದು ಹಾಲೇರಿ ವಂಶದ ಲಿಂಗಾಯತ ಅರಸರು. ಹೈದರಾಲಿ, ಟಿಪ್ಪು ಕಾಲದಲ್ಲಿ ರಾಜ್ಯ ಅವರ ಕೈತಪ್ಪಿ, ರಾಜಮನೆತನದವರು ಸೆರೆಯಾದರು. ಆ ವಂಶದ ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ. ಆಗ ಮಡಿಕೇರಿ ಕೋಟೆ ಟಿಪ್ಪುವಿನ ಕೈಯಲ್ಲಿತ್ತು. ಟಿಪ್ಪು ಅದಕ್ಕೆ ಜಾಫರಾಬಾದ್ ಅಂತ ಹೆಸರಿಟ್ಟಿದ್ದ. ಕಾಡು ಹೊಕ್ಕ ಅರಸನಿಗೆ ನೆಲೆಯಾಗಿದ್ದು ಕಕ್ಕಬ್ಬೆ ಕಡೆಯ ಈ ಬೆಟ್ಟದ ಬುಡ. 1790ರಲ್ಲಿ ಮಡಿಕೇರಿ ಕೋಟೆ ಅವನ ಕೈಗೆ ಬಂತು. ಆದರೂ 1792ರಿಂದ 1794ರ ನಡುವೆ ಅರಮನೆ ಕಟ್ಟಿಸಿದ್ದು ಇಲ್ಲಿ, ಯವಕಪಾಡಿ ಗ್ರಾಮದಲ್ಲಿ, ತಡಿಯಂಡಮೋಳ್ ಬೆಟ್ಟಕ್ಕೆ ಬೆನ್ನುಕೊಟ್ಟು. ಒಮ್ಮೆ ಸೆರೆಮನೆ ಕಂಡವನು ಮನೆ ಕಟ್ಟಿಸುವಾಗ ಏನನ್ನು ಯೋಚಿಸುತ್ತಾನೆ ಅನ್ನುವುದು ಆ ಕಟ್ಟಡದಲ್ಲಿ ಕಾಣುತ್ತದೆ, ಕನಿಷ್ಠ ನನಗೆ ಕಾಣುತ್ತದೆ.

ಎರಡು ಅಂತಸ್ತು. ಮರದ ಕಂಬ, ಬಾಗಿಲ ಕೆತ್ತನೆ ಬಲು ನಾಜೂಕು. ಗೋಡೆಯ ಮೇಲೆ ಹಳೆಯ ಚಿತ್ರಗಳು, ಈಗ ಮಾಸಿವೆ. ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳುವವರೆಗೂ ಐದು ನಿಮಿಷ ಸುಮ್ಮನೆ ನಿಂತರೆ ಒಂದೊಂದಾಗಿ ಎದ್ದು ಬರುತ್ತವೆ. ಬೆಳಕೇ ಬೀಳದ ಸಣ್ಣ ಕತ್ತಲೆ ಕೋಣೆಗಳನ್ನು ಅಲ್ಲಿರುವ ಕಾವಲಿನವರು ತೋರಿಸುತ್ತಾರೆ. ಕಿಟಕಿಯ ಕಿಂಡಿಯಲ್ಲಿ ಒಳಗಿನಿಂದ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ಒಳಗಿದ್ದವರು ಕಾಣುವುದಿಲ್ಲ ಅಂತಲೂ ಹೇಳುತ್ತಾರೆ. ನಿಮ್ಮ ಮಗನನ್ನು ಅಂಗಳದಲ್ಲಿ ನಿಲ್ಲಿಸಿ ನೀವು ಒಳಗಿಂದ ನೋಡಿ, ಆಮೇಲೆ ಅದಲುಬದಲು ಮಾಡಿ. ಹತ್ತು ವರ್ಷದ ಹುಡುಗನಿಗೆ ಇಡೀ ಇತಿಹಾಸ ಪಾಠಕ್ಕಿಂತ ಇದು ಚೆನ್ನಾಗಿ ಹಿಡಿಸುತ್ತದೆ.

ಮುಂದೆ ಅಂಗಳದಲ್ಲೊಂದು ಪುಟ್ಟ ಮಂಟಪ ಇದೆ. 1796ರಲ್ಲಿ ದೊಡ್ಡವೀರರಾಜೇಂದ್ರ ಮಹಾದೇವಮ್ಮಾಜಿಯನ್ನು ಮದುವೆಯಾಗಿದ್ದು ಇಲ್ಲೇ. ಅಪ್ಪನಿಗೆ ಮೇಲಂತಸ್ತು ಹತ್ತಲು ಕಷ್ಟವಾದರೆ ಬಿಡಲಿ. ಕೆಳಗಿನ ಭಾಗ, ಈ ಮಂಟಪ, ಜಗಲಿ ಇಷ್ಟು ನೋಡಿದರೂ ಬಂದದ್ದಕ್ಕೆ ಮೋಸವಿಲ್ಲ.

ಇನ್ನೊಂದು ವಿಷಯವನ್ನು ಅಪ್ಪನಿಗೆ ಅಲ್ಲೇ ಕೂತು ಹೇಳಿ. ಅಡಗುದಾಣವಾಗಿ ಶುರುವಾದ ಈ ಜಾಗಕ್ಕೇ ನಲವತ್ತು ವರ್ಷದ ಮೇಲೆ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನೂ ಬಂದು ಸೇರಿಕೊಂಡ. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೊಡಗಿಗೆ ನುಗ್ಗಿದಾಗ ಅವನಿದ್ದದ್ದು ನಾಲ್ಕುನಾಡಿನಲ್ಲಿ; ಇಲ್ಲಿಂದಲೇ ಹೋಗಿ ಶರಣಾದ. ಆಮೇಲೆ ಕಾಶಿಗೆ ಗಡೀಪಾರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ. ಅಲ್ಲಿ ಆ ಹುಡುಗಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕಕ್ಕಬ್ಬೆಯ ಕಾಡಿಗೂ ಲಂಡನ್ನಿಗೂ ಹೀಗೊಂದು ನಂಟು.

ಈಗ ನಿಮ್ಮ ಎರಡು ದಿನ. ಮೊದಲ ದಿನ ಬೆಳಗಿನ ಜಾವ ಬೆಂಗಳೂರು ಬಿಟ್ಟರೆ ತಿಂಡಿ, ಕಾಫಿ ಎಲ್ಲ ಸೇರಿ ಮಧ್ಯಾಹ್ನದ ಊಟಕ್ಕೆ ಮಡಿಕೇರಿ. ಊಟ ಆದ ಮೇಲೆ ನೇರ ಕೋಟೆಗೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ, ಕಲ್ಲಿನದು ಮಾಡಿಸಿದ್ದು ಟಿಪ್ಪು. ಊರಿನ ಹೆಸರೂ ಮೊದಲು ಮುದ್ದುರಾಜಕೇರಿಯೇ. ಈಗ ಕಾಣುವ ಅರಮನೆ 1812ರಿಂದ 1814ರಲ್ಲಿ ದೊಡ್ಡವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರ ಕಟ್ಟಿಸಿದ್ದು. ಆದರೆ ಬ್ರಿಟಿಷರ ಕಾಲದಿಂದ ಅದು ಸರ್ಕಾರಿ ಕಚೇರಿಯಾಗಿ ದುಡಿದ ಕಟ್ಟಡ, ಕೋಣೆ ಕೋಣೆ ಸುತ್ತಿ ಸಿಂಹಾಸನ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಮುಂದಿನ ಗಡಿಯಾರದ ಗೋಪುರ ಮತ್ತು ಪೋರ್ಟಿಕೋ ರಾಜರದ್ದಲ್ಲ. 1933ರಲ್ಲಿ ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು ಸೇರಿಸಿದ್ದು! ಫೋಟೋದಲ್ಲಿ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನಿಜವಾಗಿ ನೋಡಬೇಕಾದ್ದು ಮೂಲೆಯಲ್ಲಿ ನಿಂತಿರುವ ಎರಡು ಗಾರೆ ಆನೆಗಳು, ಬದುಕಿರುವ ಆನೆಯಷ್ಟೇ ದೊಡ್ಡವು. ಕೋಟೆ ಗಣಪತಿಗೆ ಒಂದು ನಮಸ್ಕಾರ ಹಾಕಿ, ಪಕ್ಕದ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಮ್ಯೂಸಿಯಂ, ಅದನ್ನೂ ನೋಡಿ. ವೀರಭದ್ರ ಗುಡಿ ಇದ್ದ ಜಾಗದಲ್ಲಿ ಬ್ರಿಟಿಷರು 1859ರಲ್ಲಿ ಅದನ್ನು ಕಟ್ಟಿದರು. ಅತ್ತ ಲಂಡನ್ನಿನಲ್ಲಿ ಕೊನೆಯ ರಾಜ ಕಣ್ಣುಮುಚ್ಚಿದ್ದೂ ಅದೇ ವರ್ಷ. ಸೋಮವಾರ ಮಾತ್ರ ಬರಬೇಡಿ, ಮ್ಯೂಸಿಯಂ ಮುಚ್ಚಿರುತ್ತದೆ.

ಕೋಟೆಗೆ ಒಂದು ಗಂಟೆ ಸಾಕು. ಉಳಿದ ಬೆಳಕನ್ನು ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿಗೆ, ಇಟ್ಟುಕೊಳ್ಳಿ. ಹೆಚ್ಚಿನವರು ರಾಜಾಸೀಟಿನ ಸೂರ್ಯಾಸ್ತಕ್ಕೆ ಓಡುತ್ತಾರೆ, ಅಲ್ಲಿ ಡಿಸೆಂಬರ್‌ನಲ್ಲಿ ನಿಮಗೆ ಕಾಣುವುದು ಸೂರ್ಯನಿಗಿಂತ ಮೊಬೈಲ್‌ಗಳೇ. ಗದ್ದಿಗೆ ಇರುವುದು ಮಹದೇವಪೇಟೆ ದಾಟಿ. ನಾಲ್ಕುನಾಡಿನ ಮಂಟಪದ ಮದುಮಗಳು ಮಹಾದೇವಮ್ಮಾಜಿಯ ಹೆಸರೇ ಆ ಪೇಟೆಗೆ. ದೊಡ್ಡವೀರರಾಜೇಂದ್ರ ಮತ್ತು ಅವಳ ಸಮಾಧಿ ಒಂದೇ ಗುಮ್ಮಟದ ಕೆಳಗಿದೆ, ಪಕ್ಕದಲ್ಲಿ ಲಿಂಗರಾಜೇಂದ್ರನದು. ದೂರದಿಂದ ನೋಡಿದರೆ ಮಸೀದಿ ಅನಿಸುತ್ತದೆ, ಹತ್ತಿರ ಹೋದರೆ ಗುಮ್ಮಟದ ಮೂಲೆಗಳಲ್ಲಿ ಬಸವಣ್ಣ ಕೂತಿರುತ್ತಾನೆ. ಚಿಕ್ಕವೀರರಾಜೇಂದ್ರನಿಗೆ ಮಾತ್ರ ಇಲ್ಲಿ ಜಾಗ ಸಿಗಲಿಲ್ಲ. ಅಪ್ಪ ಹಟ ಮಾಡುವಷ್ಟು ಇತಿಹಾಸಪ್ರಿಯರಾಗಿದ್ದರೆ ಅವರಿಗೆ ಕೋಟೆಗಿಂತ ಗದ್ದಿಗೆಯೇ ಹಿಡಿಸಬಹುದು.

ಎರಡನೇ ದಿನ ಮಡಿಕೇರಿಯ ರೂಮು ಖಾಲಿ ಮಾಡಿ, ಬ್ಯಾಗೆಲ್ಲ ಕಾರಿಗೆ ಹಾಕಿಕೊಂಡೇ ಎಂಟಕ್ಕೆ ಹೊರಡಿ. ಮೂರ್ನಾಡು, ನಾಪೋಕ್ಲು, ಕಕ್ಕಬ್ಬೆ ಮೇಲೆ ಸುಮಾರು 40 ಕಿ.ಮೀ. ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ, ತೋಟದ ನಡುವಿನ ತಿರುವು ರಸ್ತೆ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಪೆಟ್ರೋಲ್ ಮಡಿಕೇರಿಯಲ್ಲೇ ತುಂಬಿಸಿ. ಕಕ್ಕಬ್ಬೆ ದಾಟಿದ ಮೇಲೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಇಲ್ಲವೇ ದಾರಿಯಲ್ಲಿ ಸಿಕ್ಕವರನ್ನು "ಅರಮನೆ ಎಲ್ಲಿ" ಅಂತ ಕೇಳಿ, ಸಾಕು. ಕೊನೆಯ ಸ್ವಲ್ಪ ದೂರ ರಸ್ತೆ ಕಿರಿದು, ಎದುರಿಗೆ ಜೀಪು ಬಂದರೆ ಒಬ್ಬರು ಹಿಂದೆ ಹೋಗಬೇಕು. ಮಳೆಗಾಲವಾಗಿದ್ದರೆ ಈ ಕಡೆ ಬರಲೇಬೇಡಿ ಅನ್ನುತ್ತಿದ್ದೆ. ನಾಪೋಕ್ಲು ಸುತ್ತ ಕಾವೇರಿ ಉಕ್ಕಿ ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ, ಜಿಗಣೆ ಕಾಟ ಬೇರೆ. ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ, ತೋಟಗಳಲ್ಲಿ ಕಾಫಿ ಹಣ್ಣಾಗಿ ಕೊಯ್ಲು ನಡೆಯುತ್ತಿರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ತಪ್ಪಿಸಿ, ರೂಮಿನ ಬಾಡಿಗೆ ಕೇಳಿದರೆ ಅಪ್ಪ ಮನೆಯಲ್ಲೇ ಇರೋಣ ಅಂದಾರು.

ಅರಮನೆ ಎದುರಿಂದಲೇ ತಡಿಯಂಡಮೋಳ್ ಚಾರಣದ ದಾರಿ ಹೋಗುತ್ತದೆ. 1,748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮಗ ಹೋಗೋಣ ಅಂತ ರಂಪ ಮಾಡಿದರೂ ಈ ಸಲ ಬೇಡ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಇಡೀ ದಿನವೂ ಬೇಕು. ಅದರ ಬದಲು ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಕಕ್ಕಬ್ಬೆಗೆ ಹತ್ತಿರವೇ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನ, ಮುಹೂರ್ತ ನಿಗದಿಯಾಗುವುದು ಅಲ್ಲೇ. ಕಕ್ಕಬ್ಬೆ ಜೇನಿಗೆ ಹೆಸರಾದ ಊರು ಅಂತ ಅಮ್ಮನಿಗೂ ಹೇಳಿ. ಆದರೆ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಹಿಡಿದು ನಿಂತವರ ಹತ್ತಿರ ಕೊಳ್ಳಬೇಡಿ, ನಾನೇ ಒಮ್ಮೆ ಬೆಲ್ಲದ ಪಾಕ ಮನೆಗೆ ತಂದಿದ್ದೇನೆ.

ವಾಪಸ್ ಮಡಿಕೇರಿಗೆ ಹೋಗಬೇಡಿ. ಕಕ್ಕಬ್ಬೆಯಿಂದ ವಿರಾಜಪೇಟೆಗೆ ಇಳಿಯಿರಿ. ಅದೂ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿದ ಪೇಟೆಯೇ. ಮಧ್ಯಾಹ್ನದ ಊಟ ಅಲ್ಲಿ ಮಾಡಿ. ಅಕ್ಕಿಯ ಶ್ಯಾವಿಗೆ ನೂಪುಟ್ಟು, ಅಕ್ಕಿ ಕಡುಬು ಕಡಂಬುಟ್ಟು ಸಸ್ಯಾಹಾರಿಗಳಿಗೂ ಸರಿ. ಪಂದಿಕರಿ (ಹಂದಿ ಮಾಂಸದ ಸಾರು) ತಿನ್ನುವವರಾದರೆ ನಾನು ಹೇಳಿಕೊಡಬೇಕಾಗಿಲ್ಲ. ಮೂರು ಗಂಟೆಯೊಳಗೆ ಗೋಣಿಕೊಪ್ಪ ಬಿಟ್ಟರೆ ತಿತಿಮತಿ ಕಡೆಯ ಕಾಡಿನ ರಸ್ತೆಯನ್ನು ಬೆಳಕಿರುವಾಗಲೇ ದಾಟಿ ಹುಣಸೂರು ಸೇರುತ್ತೀರಿ. ಅಲ್ಲಿ ಆನೆ ರಸ್ತೆಗೆ ಬರುವುದುಂಟು. ಕಂಡರೆ ದೂರದಲ್ಲೇ ಕಾರು ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಮಗನನ್ನು ಕೆಳಗೆ ಇಳಿಯಲು ಬಿಡಬೇಡಿ.