ಹೊಲಿಗೆ ಮಿಷನ್ ಮೊದಲು ಕೆಳಗೆ ತನ್ನಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ನಡೀತಾ ಇದೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಆರಾಮಾಗಿರಲಿ ಅಂತ ಮಿಷನ್ ಅನ್ನು ಮಹಡಿಗೆ ಸಾಗಿಸಿದ್ದೇವೆ. ದುಡ್ಡಿಗೇನೂ ತೊಂದರೆ ಇಲ್ಲ. ಆದರೂ ಪಕ್ಕದ ಮನೆಗೆ ಹೋಗಿ ಕದ್ದುಮುಚ್ಚಿ ಹುಕ್ಕು ಹಾಕಿಕೊಡುತ್ತಾಳೆ. ಸ್ವಲ್ಪ ಬುದ್ಧಿ ಹೇಳಿ."

ಬುದ್ಧಿ ನಿಮಗೇ ಹೇಳಬೇಕಾಗಿದೆ ಸ್ವಾಮಿ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಕೀಮೋ ಆದ ವಾರ ಎದ್ದು ಕೂರುವುದೇ ಕಷ್ಟ. ಬಿಳಿ ರಕ್ತಕಣ ಇಳಿದಾಗ ಸೂಜಿ ಚುಚ್ಚಿದರೂ ನಂಜಾಗಬಹುದು. ಕೆಲವು ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿಯುತ್ತದೆ. ಆಪರೇಷನ್ ಆದ ಕಡೆಯ ಕೈಗೆ ಬಾವು ಬರಬಹುದು. ಇದನ್ನೆಲ್ಲ ಡಾಕ್ಟರ ಹತ್ತಿರ ಕೇಳಿ, ಅವರು ಹೇಳಿದ ಹಾಗೆ ನಡೆಯಿರಿ. ಆದರೆ ಮಿಷನ್ ಮಹಡಿಗೆ ಹಾಕಿ ಅಂತ ಯಾವ ಡಾಕ್ಟರು ಹೇಳಿದರು?

ಸ್ವಲ್ಪ ಯೋಚನೆ ಮಾಡಿ. ಆಸ್ಪತ್ರೆಯಲ್ಲಿ ಕೈ ಚಾಚಿ ಅಂದರೆ ಚಾಚಬೇಕು. ಮುಂದಿನ ಡ್ರಿಪ್ ಯಾವಾಗ ಅನ್ನುವುದನ್ನು ರಕ್ತದ ರಿಪೋರ್ಟು ಹೇಳುತ್ತದೆ. ಮನೆಗೆ ಬಂದರೆ ಗಂಜಿ ಕುಡಿ, ಮಲಗು, ಫೋನ್ ನೋಡಬೇಡ. ಇಡೀ ದಿನದಲ್ಲಿ ನಿಮ್ಮ ಮನೆಯವರ ಮಾತು ನಡೆಯುವ ಜಾಗ ಒಂದೇ ಒಂದಿತ್ತು, ಬಟ್ಟೆ ಕತ್ತರಿಸುವ ಆ ಟೇಬಲ್. ಲೈನಿಂಗ್ ನೆನೆಸಿ ಒಣಗಿಸಿದ ಮೇಲೇ ಕತ್ತರಿ ಹಾಕುವುದು, ಇಲ್ಲದಿದ್ದರೆ ಒಗೆದಾಗ ಮುದುಡುತ್ತೆ ಅಂತ ಅವರು ಹೇಳಿದರೆ ಗಿರಾಕಿ ತಲೆಯಾಡಿಸಲೇಬೇಕು. ಎದುರಿಗೆ ಅಳತೆ ಬ್ಲೌಸ್ ಹಿಡಿದು ನಿಂತವಳಿಗೆ ಮದುವೆ ದಿನಕ್ಕೆ ಬಟ್ಟೆ ರೆಡಿಯಾಗಬೇಕು, ಅಷ್ಟೇ. "ಅಯ್ಯೋ ಪಾಪ" ಅನ್ನುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ. ಆ ಒಂದು ಗಂಟೆಯನ್ನೂ ನೀವು ಕಿತ್ತುಕೊಂಡಿದ್ದೀರಿ.

ಫ್ರಾನ್ಸಿನ ಚಿತ್ರಕಾರ ಮತೀಸ್‌ಗೆ 1941ರಲ್ಲಿ ಕರುಳಿನ ಕ್ಯಾನ್ಸರ್ ಆಪರೇಷನ್ ಆಯಿತು. ಆಮೇಲೆ ಮೊದಲಿನ ಹಾಗೆ ನಿಂತು ಚಿತ್ರ ಬರೆಯಲು ಆಗಲಿಲ್ಲ. ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕೂತು, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಗೋಡೆ ತುಂಬುವಂಥ ಚಿತ್ರಗಳನ್ನು ಮಾಡಿದರು. 1954ರಲ್ಲಿ ತೀರಿಕೊಳ್ಳುವ ತನಕ ಕೆಲಸ ಬಿಡಲಿಲ್ಲ. ಡಿಎನ್‌ಎ ರಚನೆ ತಿಳಿಯಲು ನೆರವಾದ ಎಕ್ಸ್‌ರೇ ಚಿತ್ರಗಳ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್‌ಗೆ 1956ರಲ್ಲಿ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಯಿತು. ವೈರಸ್‌ಗಳ ಮೇಲಿನ ಕೆಲಸವನ್ನು ಚಿಕಿತ್ಸೆಯ ನಡುನಡುವೆಯೇ ಮುಂದುವರಿಸಿದರು, 1958ರಲ್ಲಿ ಸಾಯುವವರೆಗೂ. ವಯಸ್ಸು ಬರೀ 37. ಅವರೆಲ್ಲ ದೊಡ್ಡವರು ಅನ್ನಬೇಡಿ. ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಗಂಟಲಿಗೆ ರೇಡಿಯೇಷನ್ ತಗೊಳ್ಳುತ್ತಿದ್ದಾಗಲೂ ಪುಟ ತರಿಸಿಕೊಳ್ಳುತ್ತಿದ್ದರು. ಮಾತಾಡಲು ಆಗುತ್ತಿರಲಿಲ್ಲ. ಒಂದು ಒತ್ತಕ್ಷರ ತಪ್ಪಿದ್ದರೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಮ್ಮನ್ನು ಬೈದು ಬರೆದು ಕಳಿಸುತ್ತಿದ್ದರು. ಆ ಬೈಗುಳ ಬಂದ ದಿನ ನಮಗೆಲ್ಲ ಖುಷಿ.

ಹಾಗಾಗಿ ಮಿಷನ್ ಕೆಳಗೆ ತನ್ನಿ. ತುಳಿಯುವ ಮಿಷನ್ ಆದರೆ ಮೋಟರ್ ಹಾಕಿಸಿ. ಆರ್ಡರ್ ಎಷ್ಟು ತಗೊಳ್ಳಬೇಕು ಅನ್ನುವುದನ್ನು ಅವರೇ ತೀರ್ಮಾನಿಸಲಿ. ಆಗದ ದಿನ ಅವರೇ ಮುಚ್ಚಿಡುತ್ತಾರೆ, ನೀವು ಕಾವಲು ಕೂರುವುದು ಬೇಡ. ಹುಕ್ಕು, ಕಾಜಾ ಕೆಲಸ ನೀವೇ ಕಲಿಯಿರಿ, ಅವರ ಬೆರಳು ಜೋಮು ಹಿಡಿದಾಗ ಉಪಯೋಗಕ್ಕೆ ಬರುತ್ತದೆ.

ನನ್ನ ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನನಗೆ ಗೊತ್ತಿರುವ ಟೀಚರ್ ಒಬ್ಬರನ್ನು ಅವರ ಶಾಲೆ "ಪೂರ್ತಿ ಹುಷಾರಾಗಿ ಬನ್ನಿ ಮೇಡಂ" ಅಂತ ಹೂಗುಚ್ಛ ಕೊಟ್ಟು ಕಳಿಸಿತು, ಮತ್ತೆ ಕರೆಯಲೇ ಇಲ್ಲ. ಇದನ್ನು ಕೇಳುವವರು ಯಾರು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ತೊಂದರೆಗಳಿವೆ, ಕ್ಯಾನ್ಸರ್ ಇಲ್ಲ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯ ಪ್ರಕಾರ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದಲೇ ಕೆಲಸಕ್ಕೆ ರಕ್ಷಣೆ ಸಿಗುತ್ತದೆ. ನಮ್ಮಲ್ಲಿ ಇಎಸ್ಐ ಅನ್ನುವ ಕಾರ್ಮಿಕರ ವಿಮಾ ಯೋಜನೆ ಇದೆ ನಿಜ. ಅದರ ನಿಯಮಕ್ಕೆ ಹೊಂದುವ ಕಾರ್ಮಿಕರಿಗೆ ಕ್ಯಾನ್ಸರ್ ಬಂದರೆ ಎರಡು ವರ್ಷದವರೆಗೆ ಕೂಲಿಯ ಶೇ. 80ರಷ್ಟು ಸಿಗುತ್ತದೆ, ಒಳ್ಳೆಯ ಸೌಲಭ್ಯ. ಆದರೆ ನಾಲ್ಕು ಮನೆ ಪಾತ್ರೆ ತೊಳೆಯುವವಳಿಗೆ ಎಲ್ಲಿಯ ಇಎಸ್ಐ? ಅವಳು ಕೀಮೋ ಆದ ಮೂರನೇ ದಿನಕ್ಕೆ ವಾಂತಿ ತಡೆದುಕೊಂಡು ಕೆಲಸಕ್ಕೆ ಹೋಗಬೇಕು. ಕೆಲಸ ಮಾಡುತ್ತೇನೆ ಅನ್ನುವವರನ್ನು ಮನೆಗೆ ಕಳಿಸುತ್ತೇವೆ, ಮಲಗಲೇಬೇಕಾದವರನ್ನು ದುಡಿಸುತ್ತೇವೆ. ಇದು ಯಾವ ನ್ಯಾಯ?

ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಕೆಲಸ ಕಳೆದುಕೊಂಡವರು, ಸಂಬಳ ಕಡಿತವಾದವರು ಓದುಗರಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಪತ್ರ ಎಷ್ಟೇ ಉದ್ದವಿರಲಿ, ಪ್ರಕಟಿಸುತ್ತೇವೆ.

– ಸಂ.