ಕ್ಯಾಂಪ್‌ಗ್ರೌಂಡ್ ಹೋಸ್ಟ್ ಆಗುವ ಮುನ್ನ

ಪ್ರಶ್ನೆ: ಕ್ಯಾಲಿಫೋರ್ನಿಯದಲ್ಲಿರುವ ನಿವೃತ್ತ ದಂಪತಿ ನಾವು, ಗ್ರೀನ್ ಕಾರ್ಡ್ ಇದೆ. ಬೇಸಿಗೆಗೆ ಪಾರ್ಕ್ ಒಂದರಲ್ಲಿ ಕ್ಯಾಂಪ್‌ಗ್ರೌಂಡ್ ಹೋಸ್ಟ್ (ಡೇರೆ ಹಾಕುವ ಜಾಗದಲ್ಲೇ ಉಳಿದು ಅದನ್ನು ನೋಡಿಕೊಳ್ಳುವವರು) ಆಗುವ ಆಸೆ. ದಿನವೂ ಏನು ಕೆಲಸವಿರುತ್ತದೆ?

ಉತ್ತರ: ಹೆಚ್ಚಿನ ಕಡೆ ಸಂಬಳವಿಲ್ಲ, ಆರ್‌ವಿ (ಒಳಗೇ ವಾಸಿಸಬಹುದಾದ ಮನೆಯಂಥ ವಾಹನ) ನಿಲ್ಲಿಸಲು ಜಾಗ ಉಚಿತ. ವಾರಕ್ಕೆ ಎಷ್ಟು ಗಂಟೆ, ಅದು ಒಬ್ಬರಿಗೋ ಇಬ್ಬರಿಗೂ ಸೇರಿಯೋ ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ಜಗಳ ಶುರುವಾಗುವುದೇ ಅಲ್ಲಿ.

ಬೆಳಗಿನ ಮುಖ್ಯ ಕೆಲಸ ಬೆಂಕಿಗುಂಡಿಯ ಬೂದಿ. ಮೇಲೆ ತಣ್ಣಗಿದ್ದರೂ ಅಡಿಯಲ್ಲಿ ಕೆಂಡ ರಾತ್ರಿಯಿಡೀ ಜೀವ ಹಿಡಿದಿರುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದಾಗ ಶಾಖ ತಾಗದಿದ್ದರೆ ಮಾತ್ರ ಮುಚ್ಚಳವಿರುವ ಲೋಹದ ಬಕೆಟ್‌ಗೆ ತುಂಬಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಉಳಿದಂತೆ ಶೌಚಾಲಯಕ್ಕೆ ಪೇಪರ್ ಇಡುವುದು, ಬುಕಿಂಗ್ ಚೀಟಿ ಹಚ್ಚುವುದು, ಕಸ ತೆಗೆಯುವುದು. ಕರಡಿ ಇರುವಲ್ಲಿ ಊಟವಷ್ಟೇ ಅಲ್ಲ, ವಾಸನೆಯಿರುವ ಟೂತ್‌ಪೇಸ್ಟ್ ಕೂಡ ಕರಡಿ ತೆರೆಯಲಾಗದ ಉಕ್ಕಿನ ಪೆಟ್ಟಿಗೆಗೆ ಹೋಗಬೇಕೆಂದು ಬಂದವರಿಗೆ ನೆನಪಿಸಿ.

ರಾತ್ರಿ ಗಲಾಟೆಯಾದರೆ ಒಮ್ಮೆ ವಿನಯದಿಂದ ಹೇಳಿ, ಕೇಳದಿದ್ದರೆ ರೇಂಜರ್‌ಗೆ (ಪಾರ್ಕಿನ ಅಧಿಕಾರಿಗೆ) ತಿಳಿಸಿ. ದಂಡ ಹಾಕುವ ಅಧಿಕಾರ ನಿಮಗಿಲ್ಲ.

ಪ್ರಶ್ನೆ: ಆರ್‌ವಿಯಲ್ಲಿ ಇಂಡಕ್ಷನ್ ಒಲೆ ಹಚ್ಚಿದರೆ ಕರೆಂಟು ಹೋಗುತ್ತದೆ, ಏಕೆ?

ಉತ್ತರ: ನಿಮ್ಮದು 30 ಆಂಪ್ ಸಂಪರ್ಕವಿರಬೇಕು: 120 ವೋಲ್ಟ್, ಒಟ್ಟು 3,600 ವ್ಯಾಟ್. ಒಲೆಗೇ 1,800, ಏಸಿಗೆ ಸುಮಾರು 1,500, ಜೊತೆಗೆ ನೀರಿನ ಹೀಟರ್ ಓಡಿದರೆ ಬ್ರೇಕರ್ ಬೀಳುತ್ತದೆ. ಅಡುಗೆಯ ಹೊತ್ತಿಗೆ ಏಸಿ ಆರಿಸಿ. ಆರ್‌ವಿಯ ಬಗ್ಗೆಯೇ ಇನ್ನೊಂದು ಮಾತು, ಶೌಚದ ಟ್ಯಾಂಕಿನ ವಾಲ್ವ್ ಸದಾ ತೆರೆದಿಡಬೇಡಿ: ನೀರಷ್ಟೇ ಹರಿದು ಗಟ್ಟಿ ಭಾಗ ಅಂಟಿಕೊಳ್ಳುತ್ತದೆ. ಮುಕ್ಕಾಲು ತುಂಬಿದ ಮೇಲೆ ಖಾಲಿ ಮಾಡಿ.